ಮಾಂಡಣಿ ಯಾರನ್ನು ಹೊಡೆಯುತ್ತಿತ್ತು

ಹೋದ ತಿಂಗಳು ಬೀದರದ ನನ್ನ ಮನೆಗೆ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿದ್ದೆ. ಬಚ್ಚಲಿನ ನಳ ಮುಟ್ಟಿದರೆ ಬೆರಳಿಗೆ ಚುರ್ ಅನ್ನುತ್ತಿತ್ತು. ಮನೆಯೂ ಹಳೆಯದಾಯಿತು, ನಾನೂ ಹಳಬಳಾದೆ, ಇಬ್ಬರಲ್ಲಿ ಒಬ್ಬರ ವೈರಿಂಗಾದರೂ ಸರಿ ಇರಲಿ ಎಂದು ಪೂರ್ತಿ ಮನೆ ನೋಡಿಸುವ ಮನಸ್ಸು ಮಾಡಿದ್ದೆ. ಅವನು ಹೆಗಲ ಚೀಲ ಇಳಿಸುವ ಮೊದಲೇ ಕೇಳಿದ:

"ಯಾರಿಗೆ ಹೊಡಿತದ್ರಿ ಮೇಡಂ? ಎಲ್ಲಾರಿಗೂ ಹೊಡಿತದೋ, ಒಬ್ಬರಿಗೇ ಹೊಡಿತದೋ?"

ಅವನಿಗೆ ಅದು ದಿನಾ ಕೇಳುವ ಮಾತು. ನನಗೆ ಹಾಗಲ್ಲ. ನಾನು ಚಿಕ್ಕವಳಿದ್ದಾಗ ಭಾಲ್ಕಿಯ ನಮ್ಮ ಮನೆಯಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಉತ್ತರವನ್ನು ಇಡೀ ಮನೆ ಒಂದೇ ದನಿಯಲ್ಲಿ ಹೇಳಿತ್ತು. ಆ ಉತ್ತರದಿಂದ ನನ್ನ ಕಾಕಿ, ಅಂದರೆ ಅಪ್ಪನ ತಮ್ಮನ ಹೆಂಡತಿ, ಗಂಟುಮೂಟೆ ಕಟ್ಟುವ ಹಾಗಾಗಿತ್ತು.

ಭಾಲ್ಕಿಯ ಮನೆ ಕೆಂಪು ಕಲ್ಲಿನದು, ಮೇಲೆ ಮಣ್ಣಿನ ಮಾಳಿಗೆ. ಮುಂದೆ ಅಂಗಳ, ಅಂಗಳ ದಾಟಿದರೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆ ಮನೆ. ಪಡಸಾಲೆ ನಮ್ಮ ಮುತ್ಯಾನದು, ಅಡುಗೆ ಮನೆ ನಮ್ಮ ಆಯಿಯದು. ಅಜ್ಜ ಅಜ್ಜಿ ಇಬ್ಬರೂ ಒಬ್ಬರ ರಾಜ್ಯಕ್ಕೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ಪಡಸಾಲೆಯ ಗೋಡೆಗೆ ಬಸವಣ್ಣನ ಫೋಟೋ ಇತ್ತು. ಅದರ ಕೆಳಗೆ ಯಾರು ಬಂದು ಕೂತರೂ ಮುತ್ಯಾ ಕುಲ ಕೇಳುತ್ತಿರಲಿಲ್ಲ, ತಾನು ಕುಡಿಯುವ ಕಪ್ಪಿನಲ್ಲೇ ಅವರಿಗೂ ಚಹಾ ಕೊಡಿಸುತ್ತಿದ್ದ, ಕೊಡಿಸಿದ್ದನ್ನು ನಾಲ್ಕು ಜನರಿಗೆ ಹೇಳುತ್ತಲೂ ಇದ್ದ. ಅಡುಗೆ ಮನೆಯ ವಿಷಯ ಬೇರೆ. ಅಲ್ಲಿ ಒಂದು ಮೂಲೆಯಲ್ಲಿ ಆಯಿ ಲಿಂಗಪೂಜೆಗೆ ಕೂಡುತ್ತಿದ್ದಳು, ಹಾಗಾಗಿ ಮನೆಯ ಗಂಡಸರು ಕೂಡ ಹೊಸ್ತಿಲ ಈಚೆಗೇ ನಿಂತು ನೀರು ಕೇಳಬೇಕು. ಬಸವಣ್ಣನ ಮಾತು ನಮ್ಮ ಮನೆಯಲ್ಲಿ ಪಡಸಾಲೆಯ ತನಕ ಬಂದಿತ್ತು, ಅಡುಗೆ ಮನೆಯ ಹೊಸ್ತಿಲು ದಾಟಿರಲಿಲ್ಲ. ಇದರಲ್ಲಿ ಏನೋ ಸರಿಯಿಲ್ಲ ಎಂದು ಯಾರಿಗೂ ಅನಿಸಿದಂತಿರಲಿಲ್ಲ. ನನ್ನ ಅಪ್ಪ ಔರಾದದ ಸಾಲಿಯಲ್ಲಿ ಮಾಸ್ತರನಾಗಿದ್ದ, ಐತವಾರದ ರಜೆಗೆ ಮಾತ್ರ ಮನೆಗೆ ಬರುತ್ತಿದ್ದ. ಒಂದು ದಿನದ ಊಟಕ್ಕೆ ಬಂದವನು ಇಂಥವಕ್ಕೆಲ್ಲ ತಲೆ ಹಾಕುತ್ತಿರಲಿಲ್ಲ.

ಅಡುಗೆ ಮನೆಯ ನೆಲಕ್ಕೆ ಶಹಾಬಾದದ ಫರ್ಸಿ ಹಾಸಿತ್ತು, ಅದು ಬೆಳಗಿನಿಂದ ಸಂಜೆಯ ತನಕ ಹಸಿಯಾಗೇ ಇರುತ್ತಿತ್ತು. ಆಯಿಗೆ ಮೊಣಕಾಲು ನೋವು, ತಣ್ಣಗಿನ ಫರ್ಸಿ ತಾಗಿದರೆ ಆ ದಿನ ಪೂರ್ತಿ ನರಳುತ್ತಿದ್ದಳು. ಅದಕ್ಕೇ ಸಾಗವಾನಿಯ ಅಗಲ ಮಣೆಯೊಂದರ ಮೇಲೆ ಕಾಲು ಮಡಚಿ ಕೂತುಬಿಟ್ಟರೆ ಊಟದ ಹೊತ್ತಿನ ತನಕ ಇಳಿಯುತ್ತಿರಲಿಲ್ಲ. ಎಲ್ಲವೂ ಅವಳ ಕೈಯಳತೆಯಲ್ಲಿ ಇರಬೇಕು: ಒಲೆ, ಬೇಳೆಯ ಡಬ್ಬಿ, ಶೇಂಗಾ ಹಿಂಡಿಯ ಭರಣಿ. ರೊಟ್ಟಿ ಬಡಿಯುವುದು ನನ್ನ ಅವ್ವ. ನೀರು ತರುವುದು, ಪಾತ್ರೆ ಬೆಳಗುವುದು, ಒರೆಸುವುದು, ಮತ್ತೆ ನೀರು ತರುವುದು ಕಾಕಿ. ಕಾಕಿಯ ಹೆಸರು ಸುವರ್ಣಾ. ಠಾಣಾ ಕುಶನೂರದವಳು, ಕುರಿ ಮತ್ತು ಒಣಬೇಸಾಯದ ಮನೆಯಿಂದ ಬಂದವಳು, ಬಾಯಿಗೆ ಬಂದದ್ದನ್ನು ಬಾಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಅವ್ವ ಇದಕ್ಕೆ ತದ್ವಿರುದ್ಧ. ಅವ್ವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಬಾವಿಯಿಂದ ಬಿದ್ದ ಕೊಡ ತೆಗೆಯುವುದು ಸುಲಭ ಎಂದು ಮುತ್ಯಾ ಅಣಕಿಸುತ್ತಿದ್ದ.

ಕಾಕಿಯ ತವರಿನವರು ಮದುವೆಯಲ್ಲಿ ಒಂದು ಸ್ಟೀಲಿನ ಮಾಂಡಣಿ ಕೊಟ್ಟಿದ್ದರು. ತಾಟು ವಾಟಗ ಜೋಡಿಸಿಡಲು ಗೋಡೆಗೆ ಬಡಿಯುವ ಹಲಗೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ನಮ್ಮ ಓಣಿಯಲ್ಲಿ ಅದೇ ಮೊದಲ ಸ್ಟೀಲಿನ ಮಾಂಡಣಿ. ನೋಡಲು ಹೆಂಗಸರು ಬಂದಿದ್ದರು, ಅದರಲ್ಲಿ ತಮ್ಮ ಮುಖ ನೋಡಿಕೊಂಡು ಹೋಗಿದ್ದರು. ಅದನ್ನು ಬಡಿಯಲು ಮಾತ್ರ ಕಾಕಿಯ ಗಂಡ, ನನ್ನ ಕಾಕಾ, ಅಡುಗೆ ಮನೆಗೆ ಬಂದದ್ದು. ಆಯಿಯ ಅಪ್ಪಣೆ ಪಡೆದು, ಕಾಲು ತೊಳೆದು, ಉದ್ದುದ್ದ ಮೊಳೆ ಹೊಡೆದು ಆಯಿಯ ಮಣೆಗೆ ಕೈ ನಿಲುಕುವ ಎತ್ತರದಲ್ಲಿ ಕೂರಿಸಿದ. ಹೊಸ ಸೊಸೆಯ ವಸ್ತು, ಅತ್ತೆಯ ಕೈಯಳತೆಯಲ್ಲಿ.

ಅದಾದ ಕೆಲವು ದಿನಕ್ಕೆ ಕಾಕಿಯ ಕೈಯಿಂದ ಎಡೆಯ ತಾಟು ಬಿತ್ತು. ಆಯಿಯ ಪೂಜೆಗೆ ಎಡೆ ಬಡಿಸಲು ಮಾಂಡಣಿಯಿಂದ ತಾಟು ತೆಗೆಯಹೋಗಿ, ಹಾ ಎಂದು ಚೀರಿ, ಕೈ ಝಾಡಿಸಿ ಬಿಟ್ಟಳು.

"ಅತ್ತೀ, ಇದು ಹೊಡಿತದ್ರಿ. ಏನೋ ಹಿಡದು ಜಗ್ಗಿದಂಗಾತು."

ಆಯಿ ಕೂತಲ್ಲಿಂದಲೇ ಕೈ ಚಾಚಿ ಮಾಂಡಣಿಯನ್ನು ತುದಿಯಿಂದ ತುದಿಗೆ ಸವರಿದಳು.

"ನನಗ್ಯಾಕ ಹೊಡಿಯಂಗಿಲ್ಲ? ನಿದ್ದಿಗಣ್ಣಾಗ ಕೆಲಸಾ ಮಾಡಬ್ಯಾಡ."

ಮುಂದೆ ಇದು ದಿನದ ಮಾತಾಯಿತು. ಪ್ರತಿ ಸಲ ಹೊಡೆಯುತ್ತಿರಲಿಲ್ಲ, ಅದೇ ದೊಡ್ಡ ಕಷ್ಟ. ಬೇಳೆ ಕುದಿದು ಅಡುಗೆ ಮನೆಯಲ್ಲಿ ಹಬೆ ತುಂಬಿದಾಗ, ಪಾತ್ರೆ ಬೆಳಗಿ ಒದ್ದೆ ಕಾಲಲ್ಲಿ ಬಂದಾಗ ಕಾಕಿ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಆಯಿ ಮುಟ್ಟಿ ತೋರಿಸುತ್ತಿದ್ದಳು. ಅವ್ವ ತಲೆಯೆತ್ತದೆ ರೊಟ್ಟಿ ಬಡಿಯುತ್ತಿದ್ದಳು. ಆಯಿಯ ತಂಗಿ ಹಲಬರ್ಗಾದಿಂದ ಬಂದವಳು ಇದನ್ನು ಎರಡು ದಿನ ನೋಡಿ, ಮೂರನೆಯ ದಿನ ಬಸ್ಸು ಹತ್ತುವ ಮುಂಚೆ ಒಂದು ಮಾತು ಇಟ್ಟು ಹೋದಳು: ಭಾನಾಮತಿ. ನಮ್ಮ ಸೀಮೆಯ ಮಾಟಕ್ಕೆ ಆ ಹೆಸರು. ಕಾಣದ ಕೈ ಹೊಡೆಯುತ್ತದೆ, ಹೊಡೆತ ಒಬ್ಬರಿಗೆ ಮಾತ್ರ ತಾಗುತ್ತದೆ, ಪಕ್ಕದಲ್ಲಿ ನಿಂತವರಿಗೆ ಏನೂ ಆಗುವುದಿಲ್ಲ. ಅವಳು ಹೇಳಿದ ಲಕ್ಷಣಕ್ಕೂ ನಮ್ಮ ಅಡುಗೆ ಮನೆಗೂ ಕೂದಲೆಳೆಯಷ್ಟು ವ್ಯತ್ಯಾಸ ಇರಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಕಡೆ ಇರುತ್ತಾರೆ. ನಮ್ಮ ಓಣಿಯಲ್ಲಿ ಕರುವಿಗೆ ಹೆಸರಿಡುವವರೂ ಇದ್ದರು. ಕಾಕಿಯ ಮದುವೆಗೆ ಮೊದಲು ಯಾರೋ ಅವಳನ್ನು ಹೆಣ್ಣು ಕೇಳಿದ್ದರಂತೆ, ಕೊಡದ್ದಕ್ಕೆ ಅವರೇ ಮಾಡಿಸಿದ್ದಾರಂತೆ, ಅದು ಅವಳ ಜೊತೆಗೇ ನಡೆದು ಬಂದಿದೆಯಂತೆ. ಅವಳು ಬಂದ ಮೇಲೇ ಶುರುವಾದದ್ದು ನಿಜವೂ ಆಗಿತ್ತು.

ಕಾಕಿಯ ಕೈಯಿಂದ ನೀರು ಇಸಕೊಳ್ಳಬೇಡ ಎಂದು ನನಗೆ ಹೇಳಿದರು. ಯಾಕೆ ಎಂದು ಹೇಳಲಿಲ್ಲ. ಮೊದಮೊದಲು ಕಾಕಿ ಜಗಳ ಆಡಿದಳು, ತಾಟು ಕುಕ್ಕಿದಳು, ಕಾಕಾನ ಮುಂದೆ ಅತ್ತಳು. ಕಾಕಾ ಒಳ್ಳೆಯ ಮನುಷ್ಯ, ಆದರೆ ಆಯಿಯ ಎದುರು ಅವನ ಒಳ್ಳೆಯತನ ಉಗುಳು ನುಂಗುವುದರಲ್ಲೇ ಮುಗಿಯುತ್ತಿತ್ತು. ಆಮೇಲೆ ಕಾಕಿಯ ಜಗಳ ನಿಂತಿತು. ಅದು ನಿಂತದ್ದೇ ನನಗೆ ಹೆದರಿಕೆ ತಂದಿತು. ಒಂದು ಮಧ್ಯಾಹ್ನ ಅಂಗಳದ ಕಟ್ಟೆಯ ಮೇಲೆ ಕೂತು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ನನ್ನನ್ನು ಕರೆದಳು.

"ಇಲ್ಲಿ ಬಾ. ನನ್ನ ಕೈ ಹಿಡಿ. ಏನರ ಆಗ್ತದೇನು?"

ಹಿಡಿದೆ. ಬೂದಿಯಿಂದ ಪಾತ್ರೆ ತಿಕ್ಕಿ ಒರಟಾದ ಕೈ, ಬೆಚ್ಚಗಿತ್ತು.

"ಏನೂ ಇಲ್ಲ ಕಾಕಿ."

"ಇನ್ನೊಮ್ಮಿ ಗಟ್ಟ್ಯಾಗಿ ಹಿಡಿ," ಎಂದಳು. ಬಹಳ ಹೊತ್ತು ಬಿಡಲಿಲ್ಲ.

ಕೊನೆಗೆ ಆಯಿ ತೀರ್ಮಾನ ಕೊಟ್ಟಳು. ತವರಿಗೆ ಹೋಗಲಿ, ಅವರೇ ಬಿಡಿಸಲಿ, ಬಿಟ್ಟ ಮೇಲೆ ಬರಲಿ. ಯಾವಾಗ ಬಿಡುತ್ತದೆ, ಬಿಟ್ಟದ್ದನ್ನು ಯಾರು ನೋಡಿ ಹೇಳುತ್ತಾರೆ ಎಂಬುದಕ್ಕೆ ಉತ್ತರ ಇರಲಿಲ್ಲ. ಹಾಗೆ ತವರಿಗೆ ಹೋದವರು ತಿರುಗಿ ಬರುವುದು ಅಪರೂಪ, ಅದು ದೊಡ್ಡವರಿಗೆಲ್ಲ ಗೊತ್ತಿತ್ತು. ಕಾಕಿ ತನ್ನ ಸೀರೆಗಳನ್ನು ಚೀಲಕ್ಕೆ ತುಂಬಿಕೊಂಡಳು. ತುಂಬಿಕೊಂಡು ನೇರ ಪಡಸಾಲೆಗೆ ಬಂದು, ಸೆರಗು ಎಳೆದುಕೊಂಡು, ಮುತ್ಯಾನ ಮುಂದೆ ನಿಂತಳು. ಸೊಸೆಯಂದಿರು ಅಲ್ಲಿ ನಿಲ್ಲುವ ರೂಢಿ ಇರಲಿಲ್ಲ.

"ಮಾಮಾ, ನಾ ಹೋಗ್ತೇನಿ. ಹೋಗೂಕಿಂತ ಮೊದಲ ಒಬ್ಬ ಕರೆಂಟಿನವನಿಗಿ ಕರಸ್ರಿ. ಅವನೂ ಏನಿಲ್ಲ ಅಂದ್ರ, ನನಗ ಹಿಡದದ ಅಂತ ನಾನೇ ಒಪ್ಕೋತೇನಿ."

ಮುತ್ಯಾ ಒಪ್ಪಿದ್ದು ಸೊಸೆಯ ಮೇಲಿನ ಕನಿಕರಕ್ಕೋ, ಬಹಳ ದಿನದಿಂದ ಕಿಡಿ ಹಾರಿಸುತ್ತಿದ್ದ ಫ್ಯೂಸಿನ ಹೆದರಿಕೆಗೋ, ನಾನು ಹೇಳಲಾರೆ. ಭಾಲ್ಕಿಯವನನ್ನು ಕರೆಸಿದರೆ ಮನೆಯ ಮಾತು ಸಂಜೆಯೊಳಗೆ ರೈಲು ಸ್ಟೇಷನ್ ಮುಟ್ಟುತ್ತದೆ ಎಂದು ಬೀದರದಿಂದ ಖಾಜಾಮಿಯಾ ಎಂಬವನನ್ನು ಕರೆಸಿದ. ಖಾಜಾಮಿಯಾ ಅತ್ತರು ಹಚ್ಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಮದುಮಗನ ಹಾಗೆ ಬಂದ. ಬೀದರದಲ್ಲಿ ತನ್ನ ಕೈ ಹತ್ತದ ಮನೆ ಒಂದೂ ಇಲ್ಲ ಎಂದ. ನಮ್ಮ ಮಾಳಿಗೆಯ ತೊಲೆಗಳ ಮೇಲಿನ ವೈರು ನೋಡಿ, "ಇದು ವೈರಿಂಗ್ ಅಲ್ರಿ ಸಾವಕಾರ್, ಹೀರಿಬಳ್ಳಿ," ಎಂದ. ಬಾಯಿ ದೊಡ್ಡದು, ಕೆಲಸವೂ ಮಾಡಿದ. ಫ್ಯೂಸಿನ ಕಟ್ಟಿಗೆಯ ಡಬ್ಬಿ ಕಿತ್ತು ಮೇನ್ ಸ್ವಿಚ್ ಕೂರಿಸಿದ, ಪಡಸಾಲೆಯ ವೈರನ್ನೆಲ್ಲ ಬದಲಿಸಿದ, ಬಚ್ಚಲಿನ ಬಲ್ಬನ್ನು ನೀರು ಸಿಡಿಯದ ಕಡೆ ಸರಿಸಿದ. ಅಡುಗೆ ಮನೆಯ ಹೊಸ್ತಿಲಿಗೆ ಬಂದು ನಿಂತ. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಬರಲೇ ಎಂದು ಅವನೂ ಕೇಳಲಿಲ್ಲ. ಎರಡೂ ಕಡೆಯವರಿಗೆ ಗೊತ್ತಿದ್ದ ಸಂಗತಿ ಅದು, ಯಾರೂ ಯಾರನ್ನೂ ಬಯ್ದಿರಲಿಲ್ಲ. ಇಡೀ ಮನೆಯಲ್ಲಿ ನೋಡಬೇಕಾದ ಜಾಗ ಅದೊಂದೇ ಇತ್ತು, ಅದೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದ್ದಾಯಿತು.

"ಇಲ್ಲಿ ಯಾರಿಗೆ ಹೊಡಿತದ್ರಿ?" ಎಂದು ಹೊರಗಿನಿಂದಲೇ ಕೇಳಿದ.

"ಸಣ್ಣ ಸೊಸಿಗಿ," ಎಂದಳು ಆಯಿ. "ಮತ್ಯಾರಿಗೂ ಇಲ್ಲ."

ಖಾಜಾಮಿಯಾ ತನ್ನ ಟೆಸ್ಟರನ್ನು ಹೊಸ್ತಿಲ ಮೇಲಿಟ್ಟ. ಹಿಡಿಕೆಯೊಳಗೆ ಸಣ್ಣ ಬಲ್ಬಿದ್ದ ಸ್ಕ್ರೂಡ್ರೈವರ್ ಅದು. ಚೂಪು ತುದಿಯನ್ನು ಮಾಂಡಣಿಗೆ ಮುಟ್ಟಿಸಿ, ಹಿಂದಿನ ಬಿಲ್ಲೆಗೆ ಬೆರಳು ಇಡಿರಿ, ಕರೆಂಟಿದ್ದರೆ ಬಲ್ಬು ಕೆಂಪಗಾಗುತ್ತದೆ ಎಂದ. ಆಯಿ ಅದನ್ನು ತರಿಸಿಕೊಂಡಳು. ಕರೆಂಟಿನ ಅಂಜಿಕೆಗೆ ಸೆರಗಿನಲ್ಲಿ ಮೂರು ಸುತ್ತು ಸುತ್ತಿ ಹಿಡಿದು, ಮಣೆಯ ಮೇಲೆ ಕೂತೇ ಮಾಂಡಣಿಗೆ ತಾಗಿಸಿದಳು. ಬಲ್ಬು ಹತ್ತಲಿಲ್ಲ.

"ಹತ್ತಿಲ್ಲ," ಎಂದಳು.

"ಹತ್ತಿಲ್ಲ ಅಂದ್ರ ಕರೆಂಟ್ ಇಲ್ರಿ," ಎಂದು ಖಾಜಾಮಿಯಾ ಗೋಡೆಯ ಆಚೆಯಿಂದ ಸರ್ಟಿಫಿಕೇಟು ಕೊಟ್ಟ.

ಕಾಕಿ ಮುಂದೆ ಬಂದು ಆಯಿಯ ಕೈಯಿಂದ ಟೆಸ್ಟರು ತೆಗೆದುಕೊಂಡಳು. ಹಸಿ ಫರ್ಸಿಯ ಮೇಲೆ ಬರಿಗಾಲಲ್ಲಿ ನಿಂತು, ಬಿಲ್ಲೆಗೆ ಬರಿಬೆರಳು ಇಟ್ಟು, ಮಾಂಡಣಿಗೆ ಮುಟ್ಟಿಸಿದಳು. ಬಲ್ಬು ಕೆಂಪಗೆ ಹತ್ತಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ, ಕೆಂಡದ ಕಾಳಿನಷ್ಟು ಬೆಳಕು. ಕಾಕಿಯ ಮುಖದ ಮೇಲೆ ನಗು ಬಂದಿತು, ಬಹಳ ದಿನದ ಮೇಲೆ ಬಂದದ್ದು. ಆಯಿ ಆ ಬೆಳಕನ್ನೂ ನೋಡಿದಳು, ಕಾಕಿಯನ್ನೂ ನೋಡಿದಳು.

"ನೋಡ್ರಿ," ಎಂದಳು ಪಡಸಾಲೆಗೆ ಕೇಳುವ ಹಾಗೆ. "ನನ್ನ ಕೈಯಾಗ ಹತ್ತಿಲ್ಲ. ಇಕಿ ಕೈಯಾಗ ಹತ್ತಿತು. ಇಕಿ ಮೈಯಾಗ ಅದ ಅಂತ ನಾ ಹೇಳ್ತಿದ್ದೆ, ಈಗ ಮಷೀನೂ ಹೇಳಾಕತ್ತದ."

ಕಾಕಿಯ ನಗು ಹೋಯಿತು. ಟೆಸ್ಟರು ಹಿಡಿದ ಕೈ ಕೆಳಗೆ ಬಂತು. ಹೊರಗೆ ಖಾಜಾಮಿಯಾ ಅವಾಕ್ಕಾಗಿ ನಿಂತಿದ್ದ, ಅವನ ವೃತ್ತಿಯಲ್ಲಿ ಇಂಥ ತರ್ಕ ಮೊದಲ ಸಲ ಎದುರಾಗಿರಬೇಕು. ಮುತ್ಯಾ ಕೆಮ್ಮಿದ. ಕಾಕಾ ಅಂಗಳದ ಕಡೆ ನೋಡಿದ. ಇನ್ನು ಚೀಲ ಎತ್ತಿಕೊಳ್ಳುವುದೊಂದೇ ಬಾಕಿ ಎಂದು ಎಲ್ಲರಿಗೂ ಗೊತ್ತಾಯಿತು.

ಆಗ ಅವ್ವ ರೊಟ್ಟಿಯ ಹಿಟ್ಟಿನ ಕೈ ತೊಳೆದುಕೊಂಡು ಎದ್ದಳು. ಕಾಕಿಯ ಕೈಯಿಂದ ಟೆಸ್ಟರು ತೆಗೆದುಕೊಂಡಳು. ಒದ್ದೆ ಬೆರಳು ಬಿಲ್ಲೆಗಿಟ್ಟು ಮಾಂಡಣಿಗೆ ಮುಟ್ಟಿಸಿದಳು. ಬಲ್ಬು ಹತ್ತಿತು. ತೆಗೆದಳು, ಆರಿತು. ಮತ್ತೆ ಮುಟ್ಟಿಸಿದಳು, ಹತ್ತಿತು.

"ನನಗೂ ಹೊಡಿತದ್ರಿ ಅತ್ತೀ," ಎಂದಳು. "ಮೊದಲಿಂದೂ ಹೊಡಿತದ."

ಅವ್ವ ಬಾಗಿಲ ಕಡೆ ತಿರುಗಿದಳು.

"ಭಾಯ್, ಒಳಗ ಬರ‍್ರಿ. ಇಲ್ಲಿ ಬಂದು ನೋಡ್ರಿ."

ಖಾಜಾಮಿಯಾ ಮುತ್ಯಾನ ಮುಖ ನೋಡಿದ. ಮುತ್ಯಾ ಬಸವಣ್ಣನ ಫೋಟೋ ನೋಡಿದ. ಆಮೇಲೆ ಹೂಂ ಅಂದ. ಖಾಜಾಮಿಯಾ ಬೂಟು ಬಿಚ್ಚಿ, ಕಾಲು ತೊಳೆದು, ಒಳಗೆ ಬಂದ. ಮೇನ್ ಬಂದ್ ಮಾಡಿಸಿ ಮಾಂಡಣಿಯನ್ನು ಕಳಚಿದ, ಗೋಡೆಯ ಗಿಲಾವು ಕೆದರಿದ. ಹಿಂದೆ ಎಂದೋ ಹೊಗೆಗೆ ವೈರು ಕೆಡುತ್ತದೆ ಎಂದು ಗೋಡೆಯೊಳಗೇ ಹೂತು ಗಿಲಾವು ಮಾಡಿಸಿದ್ದರು, ಅದನ್ನು ಎಲ್ಲರೂ ಮರೆತಿದ್ದರು. ಕಾಕಾ ಹೊಡೆದ ಮೊಳೆ ನೆಟ್ಟಗೆ ಆ ವೈರಿನ ಮಗ್ಗುಲಿಗೆ ಹೋಗಿ ಅದರ ರಬ್ಬರು ಹೆರೆದಿತ್ತು. ಗೋಡೆ ಹಬೆಗೆ ಹಸಿಯಾದಾಗ ಕರೆಂಟು ಮೊಳೆಗೆ ಇಳಿಯುತ್ತಿತ್ತು, ಮೊಳೆಯಿಂದ ಮಾಂಡಣಿಗೆ. ಇನ್ನೊಂದು ಎಳೆಯಷ್ಟು ಒಳಗೆ ಹೋಗಿದ್ದರೆ ಈ ಮನೆಯಲ್ಲಿ ಹೆಣ ಬೀಳುತ್ತಿತ್ತು ಎಂದು ಖಾಜಾಮಿಯಾ ಹೇಳಿದ. ಈ ಸಲ ಅವನ ದನಿ ಸಣ್ಣದಾಗಿತ್ತು.

"ನನಗ್ಯಾಕ ಹೊಡಿಲಿಲ್ಲ ಮತ್ತ?" ಎಂದಳು ಆಯಿ. ಅವಳಿಗೆ ನಿಜಕ್ಕೂ ಅದು ತಿಳಿಯಬೇಕಿತ್ತು.

"ನೀವು ಕಟ್ಟಿಗಿ ಮ್ಯಾಲ ಕುಂತೀರಿ ಅಮ್ಮಾ. ಅವರು ನೀರಾಗ ನಿಂತಾರ."

ಆಯಿ ತಾನು ಕೂತ ಮಣೆಯನ್ನು ಒಮ್ಮೆ ನೋಡಿಕೊಂಡಳು. ಈಗಲೂ ತಮಗೇನೂ ಆಗಿಲ್ಲ ಎಂದು ಯಾರಾದರೂ ನನ್ನ ಮುಂದೆ ಸಾಕ್ಷಿ ಹೇಳಲು ಬಂದರೆ, ಅವರು ಯಾವುದರ ಮೇಲೆ ಕೂತಿದ್ದಾರೆ ಎಂದು ನಾನು ಮೊದಲು ನೋಡುತ್ತೇನೆ. ಈ ಚಾಳಿ ನನಗೆ ಆ ದಿನ ಹತ್ತಿದ್ದು, ಇದರಿಂದ ನನಗೆ ಗೆಳತಿಯರು ಕಡಿಮೆ.

ಮುಂದಿನ ಕೆಲಸಕ್ಕೆ ಖಾಜಾಮಿಯಾ ಅಂಗಳದಲ್ಲಿ ಕುಣಿ ತೋಡಬೇಕು ಎಂದ. ತಪ್ಪಿ ಬಂದ ಕರೆಂಟು ಜನರ ಮೈಗೆ ಬರದೆ ಭೂಮಿಗೆ ಹೋಗಲು ಅರ್ಥಿಂಗ್ ಮಾಡಬೇಕಂತೆ. ಆ ಕುಣಿಗೆ ಬೇಕಾದದ್ದು ಒಂದು ತಾಮ್ರದ ತಗಡು, ಇದ್ದಿಲು, ಕಲ್ಲುಪ್ಪು. ಮುತ್ಯಾನ ಮುಖ ಬಿಳಿಚಿತು. ಯಾರದಾದರೂ ಮನೆ ಹಾಳು ಮಾಡಲು ಅಂಗಳದಲ್ಲಿ ಹುಗಿಯುತ್ತಾರೆ ಎಂದು ನಮ್ಮ ಜನ ಹೇಳುವ ಸಾಮಾನುಗಳೂ ಇವೇ. ಭಾನಾಮತಿ ಇಲ್ಲ ಎಂದು ಈಗಷ್ಟೇ ಒಪ್ಪಿಕೊಂಡ ಮನೆ ಅದರ ಪೂರ್ತಿ ಸಾಮಗ್ರಿಯನ್ನು ತಾನೇ ಕೊಂಡು ತರಬೇಕಾಯಿತು. ಓಣಿಯವರು ಇಣುಕದ ಹಾಗೆ ತಲೆಬಾಗಿಲು ಹಾಕಿಸಿ, "ಹುಗೀರಿ," ಎಂದಳು ಆಯಿ. ಕುಣಿಗೆ ದಿನಾ ನೀರು ಹಾಕಬೇಕು ಎಂದದ್ದಕ್ಕೆ ಆ ಕೆಲಸ ತನಗಿರಲಿ ಎಂದಳು. ಕ್ಷಮಾಪಣೆ ಅನ್ನುವುದು ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ, ಇದನ್ನೇ ಹಾಗೆಂದು ತಿಳಿದರೆ ತಿಳಿಯಬಹುದು.

ಕಾಕಿ ಚೀಲ ಬಿಚ್ಚುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಕಾಕಿ ಸೀರೆ ಬದಲಿಸಿ, ಚೀಲ ಎತ್ತಿಕೊಂಡು ಹೊರಗೆ ಬಂದಳು.

"ಈಗ ನೀವು ಕಳಸೂದು ಬ್ಯಾಡ. ನಾನೇ ಹೋಗ್ತೇನಿ," ಎಂದು ಬಸ್ ನಿಲ್ದಾಣದ ಕಡೆ ನಡೆದೇ ಬಿಟ್ಟಳು.

ಕರೆಯಲು ಕಾಕಾ ಹೋದ, ಒಬ್ಬನೇ ತಿರುಗಿ ಬಂದ. ಮುತ್ಯಾ ಹಿರಿಯರನ್ನು ಕಳಿಸಿದ, ಅವರು ಹುಗ್ಗಿ ಉಂಡು ಬಂದರು. ಆಮೇಲೆ ಒಂದು ದಿನ ಅವ್ವ ಯಾರನ್ನೂ ಕೇಳದೆ ನನ್ನ ಕೈ ಹಿಡಿದುಕೊಂಡು ಠಾಣಾ ಕುಶನೂರದ ಬಸ್ಸು ಹತ್ತಿದಳು. ಮುನಿದು ಹೋದ ಸೊಸೆಯನ್ನು ಗಂಡನೋ ಮಾವನೋ ಕರೆಯಬೇಕು, ವಾರಗಿತ್ತಿ ಹೋಗಿ ಕರೆಯುವ ಪದ್ಧತಿ ಇಲ್ಲ. ಕಾಕಿ ತವರಿನ ಅಂಗಳದಲ್ಲಿ ಮೊರದ ತುಂಬ ತೊಗರಿ ಹಾಕಿಕೊಂಡು ಹಸನು ಮಾಡುತ್ತಿದ್ದಳು. ನಮ್ಮನ್ನು ನೋಡಿದಳು, ನನಗೆ ನೀರು ತಂದು ಕೊಟ್ಟಳು, ಮತ್ತೆ ಮೊರದ ಮುಂದೆ ಕೂತಳು. ನಾನು ಅವಳ ಕೈಯಿಂದ ನೀರು ಇಸಕೊಂಡು ಕುಡಿದೆ.

"ನಡಿ ಸುವರ್ಣಾ, ಮನಿಗಿ ಹೋಗಮು," ಎಂದಳು ಅವ್ವ.

ಕಾಕಿ ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ.

"ನನಗ ಹಿಡದದ ಅಂತ ನಾನೂ ನಂಬಿದ್ದೆ ಅಕ್ಕಾ. ನನ್ನ ಕೈ ನೋಡಿ ನನಗೇ ಅಂಜಿಕಿ ಬರ್ತಿತ್ತು. ಅತ್ತಿ ಮುಂದ ಹೇಳೂದು ಬ್ಯಾಡಾಗಿತ್ತು. ನನ್ನ ಮುಂದಾದ್ರೂ ಹೇಳಬಹುದಿತ್ತಲ್ಲ, ನನಗೂ ಹೊಡಿತದ ಅಂತ."

ಅವ್ವ ನನ್ನ ಕೈಯ ಖಾಲಿ ತಂಬಿಗೆ ಇಸಕೊಂಡು ಕೆಳಗಿಟ್ಟಳು.

"ಅಂಜಿದ್ದೆ," ಎಂದಳು.

"ನಾನೂ ಅಂಜಿದ್ದೆ," ಎಂದಳು ಕಾಕಿ. "ಒಬ್ಬಾಕಿನೇ ಅಂಜಿದ್ದೆ."

ಅವ್ವ ಹೋಗಿ ಮೊರದ ಇನ್ನೊಂದು ಬದಿಗೆ ಕೂತಳು. ತಾನೂ ಕಲ್ಲು ಆರಿಸತೊಡಗಿದಳು. ತೊಗರಿ ಪೂರ್ತಿ ಹಸನಾಗುವ ತನಕ ಇಬ್ಬರೂ ಏಳಲಿಲ್ಲ. ಸಂಜೆಯ ಬಸ್ಸು ತಪ್ಪಿತು. ಬೆಳಗಿನ ಬಸ್ಸಿಗೆ ಮೂವರೂ ಭಾಲ್ಕಿಗೆ ಬಂದೆವು.